ಮೂರನೆಯ ರಬ್ಬರ್ ಸ್ಟಾಂಪು

ಶ್ರದ್ಧಾಂಜಲಿ ಸಭೆಯಲ್ಲಿ ನನಗೆ ಎರಡು ಮಾತಾಡಲು ಹೇಳಿದರು. ಎರಡು ಮಾತಾಡಿದೆ, ಎರಡೂ ಸುಳ್ಳು. ಒಂದು, "ಸಿಸ್ಟರ್ ನನ್ನ ಬಲಗೈ ಆಗಿದ್ದರು." ಇನ್ನೊಂದು, "ಅವರು ಪಕ್ಕದಲ್ಲಿದ್ದರೆ ನಾನು ನಿಶ್ಚಿಂತೆಯಿಂದ ಕೆಲಸ ಮಾಡುತ್ತಿದ್ದೆ." ಮೊಳಕಾಲ್ಮೂರಿನ ಆ ಪುಟ್ಟ ಸಮುದಾಯ ಭವನದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತಿದ್ದವರೆಲ್ಲ ತಲೆಯಾಡಿಸಿದರು. ಹಾರ ಹಾಕಿದ ಫೋಟೋದೊಳಗಿದ್ದ ಸಿಸ್ಟರ್ ಮಾತ್ರ ಕನ್ನಡಕದ ಮೇಲಿನಿಂದ ನನ್ನನ್ನು ನೋಡುತ್ತಿದ್ದರು. ಹನ್ನೊಂದು ವರ್ಷ ನನ್ನ ಎಂಡೋಸ್ಕೋಪಿ ಕೋಣೆಯಲ್ಲೂ ಹಾಗೇ ನೋಡುತ್ತಿದ್ದರು.

ಅವರು ನನ್ನ ಬಲಗೈ ಆಗಿರಲಿಲ್ಲ. ನನ್ನ ಬಲಗೈಯನ್ನು ಹಿಡಿದು ನಿಲ್ಲಿಸುವ ಕೈ ಆಗಿದ್ದರು. ನಿಶ್ಚಿಂತೆಯಂತೂ ಅವರು ಕೆಲಸಕ್ಕೆ ಸೇರಿದ ದಿನವೇ ರಾಜೀನಾಮೆ ಕೊಟ್ಟು ಹೋಗಿತ್ತು. ಆದರೆ ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕಲ್ಲ. ಆ ನೆಪದಲ್ಲಿ ಬದುಕಿರುವ ನನ್ನ ಬಗ್ಗೆಯೂ ಒಳ್ಳೆಯದನ್ನೇ ಹೇಳಿಕೊಂಡು ಕೆಳಗಿಳಿದೆ.

ನಾನು ಚಳ್ಳಕೆರೆಯ ಬಸ್ ಸ್ಟ್ಯಾಂಡಿನಿಂದ ಕೂಗಳತೆಯ ದೂರದಲ್ಲಿ ಒಂದು ಸಣ್ಣ ನರ್ಸಿಂಗ್ ಹೋಮ್ ಇಟ್ಟುಕೊಂಡಿರುವ ಹೊಟ್ಟೆ ಡಾಕ್ಟರು. ತುದಿಯಲ್ಲಿ ಕ್ಯಾಮೆರಾ ಇರುವ ಕರಿ ಕೊಳವೆಯೊಂದನ್ನು ಬಾಯಿಯಿಂದ ಇಳಿಸಿ, ಅನ್ನನಾಳವನ್ನೂ ಜಠರವನ್ನೂ ಟೀವಿ ಪರದೆಯ ಮೇಲೆ ನೋಡುವುದು ನನ್ನ ಕಸುಬು. ನಮ್ಮ ಕಡೆ ಇದಕ್ಕೆ "ಪೈಪು ಬಿಡ್ಸೋದು" ಅನ್ನುತ್ತಾರೆ. ಈ ಕಸುಬಿನಲ್ಲಿ ನನ್ನ ಹೆಸರು ದೊಡ್ಡದಾಗಿತ್ತು. "ನಮ್ ಡಾಕ್ಟ್ರು ಪೈಪು ಬಿಟ್ಟಿದ್ದೂ ಗೊತ್ತಾಗಲ್ಲ, ತೆಗೆದಿದ್ದೂ ಗೊತ್ತಾಗಲ್ಲ" ಎಂದು ತಳಕಿನಿಂದ ರಾಂಪುರದವರೆಗೆ ಬಸ್ಸುಗಳಲ್ಲಿ ಜನ ಮಾತಾಡಿಕೊಳ್ಳುತ್ತಿದ್ದರು. ಏನೂ ಗೊತ್ತಾಗದೇ ಇದ್ದವರಲ್ಲಿ ನಾನೂ ಒಬ್ಬ ಎಂಬುದು ಮಾತ್ರ ಅವರಿಗೆ ತಿಳಿದಿರಲಿಲ್ಲ. ಒಬ್ಬರಿಗೆ ಮೂರು ನಿಮಿಷ. ಮಾತಿಗೆ ಯಾರಾದರೂ ಸಿಕ್ಕರೆ ಮೂರೂವರೆ. ಜಠರವನ್ನು ತೊಳೆದು, ಗಾಳಿ ತುಂಬಿ ಅಗಲಿಸಿ, ಮೂಲೆಮೂಲೆ ನೋಡಲು ಅದರ ಎರಡು ಪಟ್ಟಿಗಿಂತ ಹೆಚ್ಚು ಹೊತ್ತು ಬೇಕೆಂದು ನಾನೂ ಓದಿದ್ದೆ. ಓದಿದ್ದು ಪರೀಕ್ಷೆಗೆ, ಮತ್ತು ಅದರಲ್ಲಿ ಪಾಸೂ ಆಗಿದ್ದೆ.

ರಿಪೋರ್ಟು ಬರೆಯುವುದೂ ಅಷ್ಟೇ ಚುರುಕು. ಮೇಜಿನ ಮೇಲೆ ಎರಡು ರಬ್ಬರ್ ಸ್ಟಾಂಪು ಇಟ್ಟುಕೊಂಡಿದ್ದೆ. ಒಂದರಲ್ಲಿ "ನಾರ್ಮಲ್". ಇನ್ನೊಂದರಲ್ಲಿ "ಗ್ಯಾಸ್ಟ್ರೈಟಿಸ್", ಅಂದರೆ ಹೊಟ್ಟೆಯ ಒಳಪದರ ಕೆಂಪಾಗಿದೆ ಎಂದು. ನಮ್ಮ ಕಡೆಯ ಮೆಣಸಿನಕಾಯಿ ತಿಂದ ಮೇಲೆ ಯಾರ ಹೊಟ್ಟೆ ಬೆಳ್ಳಗಿರುತ್ತದೆ? ಹಾಗಾಗಿ ಎರಡನೆಯ ಸ್ಟಾಂಪು ಎಂದೂ ಸುಳ್ಳಾಗುವ ಭಯವಿರಲಿಲ್ಲ. ಅದರ ರಬ್ಬರು ಸವೆದು, ಎರಡು ಸಲ ಹೊಸದು ಮಾಡಿಸಿದ್ದೆ.

ಇಂಥ ಸುಭಿಕ್ಷ ರಾಜ್ಯಕ್ಕೆ ಸಿಸ್ಟರ್ ಬಂದರು. ದೊಡ್ಡ ಊರಿನ ದೊಡ್ಡ ಆಸ್ಪತ್ರೆಯೊಂದರ ಎಂಡೋಸ್ಕೋಪಿ ವಿಭಾಗದಲ್ಲಿ ಬಹಳ ವರ್ಷ ದುಡಿದು, ಸಾಕೆನಿಸಿ ಮೊಳಕಾಲ್ಮೂರಿಗೆ ಮರಳಿದ್ದರು. ಐವತ್ತರ ಆಸುಪಾಸು. ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಕನ್ನಡಕ ಜಾರಿ ಬೀಳದಿರಲೆಂದು ಅದರ ಎರಡು ಕಾಲಿಗೂ ಜರಿಯ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ರೇಷ್ಮೆ ಸೀರೆ ನೇಯುವ ಮನೆಯವರು. ಮೊದಲ ದಿನ ನಾನು ಎಂದಿನಂತೆ ಮೂರು ನಿಮಿಷದಲ್ಲಿ ಕೊಳವೆ ಹೊರಗೆಳೆದು, ಸ್ಟಾಂಪಿಗಾಗಿ ಕೈ ಚಾಚಿದೆ.

"ಮುಗೀತಾ ಸಾರ್?" ಎಂದರು.

"ಮುಗೀತು."

"ಓ. ನಾನು ಈಗ ಶುರು ಮಾಡ್ತೀರಿ ಅಂದ್ಕಂಡಿದ್ದೆ."

ವ್ಯಂಗ್ಯ ಎಂದುಕೊಂಡು ಮುಖ ನೋಡಿದೆ. ವ್ಯಂಗ್ಯ ನನ್ನ ಸ್ವಂತ ಆಸ್ತಿ ಎಂದು ತಿಳಿದಿದ್ದವನು ನಾನು. ಅವರ ಮುಖದಲ್ಲಿ ಅಂಥದ್ದೇನೂ ಇರಲಿಲ್ಲ. ನಿಜವಾಗಿಯೂ ಹಾಗೆ ಅಂದುಕೊಂಡಿದ್ದರು. ಇದು ಇನ್ನೂ ಕೆಟ್ಟದು.

ಅವರ ಅಪ್ಪ ಸೀರೆ ವ್ಯಾಪಾರಿಯೊಬ್ಬರ ಹತ್ತಿರ ಸೀರೆ ನೋಡುವ ಕೆಲಸದಲ್ಲಿದ್ದರಂತೆ. ನೇಯ್ದವರು ಮಗ್ಗದಿಂದ ಇಳಿಸಿ ಮಡಚಿ ತಂದ ಸೀರೆಯನ್ನು ಪೂರ್ತಿ ಬಿಚ್ಚಿ, ಬೆಳಕಿಗೆ ಹಿಡಿದು, ಎಳೆ ತಪ್ಪಿದ ಜಾಗ ಹುಡುಕುವುದು. ಅದನ್ನು ನೋಡುತ್ತ ಬೆಳೆದ ಮಗಳಿಗೆ ನನ್ನ ಟೀವಿ ಪರದೆಯೂ ಒಂದು ಸೀರೆಯಾಗಿಯೇ ಕಂಡಿತು. ಖಾಲಿ ಜಠರದ ಒಳಗೋಡೆ ಮಡಿಕೆ ಮಡಿಕೆಯಾಗಿ ಬಿದ್ದಿರುತ್ತದೆ. ಗಾಳಿ ತುಂಬಿದರೆ ಮಡಿಕೆ ಬಿಚ್ಚಿಕೊಳ್ಳುತ್ತದೆ. ನಾನು ಅರ್ಧ ಗಾಳಿ ತುಂಬಿ ಮುಂದೆ ಹೋಗುವವನು. ಅವರು ರೋಗಿಯ ಗದ್ದ ಹಿಡಿದು ನಿಂತಲ್ಲಿಂದಲೇ ಹೇಳುವರು: "ಮಡಿಕೆ ಬಿಚ್ಚಿಲ್ಲ ಸಾರ್."

ಒಮ್ಮೆ ಸಿಟ್ಟಿನಿಂದ, "ಅಲ್ಲೇನು ಸಿಸ್ಟರ್ ಇರುತ್ತೆ, ಮಡಿಕೆಯೊಳಗೆ?" ಎಂದೆ.

"ತಪ್ಪು ಯಾವಾಗ್ಲೂ ಒಳಮಡಿಕೆಯಾಗೇ ಇರ್ತಿತ್ತು ಸಾರ್, ನಮ್ಮಪ್ಪ ಹೇಳೋರು. ಯಾಕಂದ್ರೆ ಮಡಚೋನೂ ನೇಯ್ದೋನೇ."

ಪರೀಕ್ಷೆ ಮುಗಿಸಿಕೊಂಡು ಎದ್ದ ದೇವಸಮುದ್ರದ ಅಜ್ಜಿಯೊಬ್ಬರು ಬಾಯಿ ಒರೆಸಿಕೊಳ್ಳುತ್ತ, "ಅದ್ಯಾವ ಮಡಿಕೆ ತಾಯಿ ನೀನು ಬಿಚ್ಚು ಬಿಚ್ಚು ಅಂತಿದ್ದಿದ್ದು? ನಮ್ಮನ್ಯಾಗೆ ಈಗ ಎಲ್ಲಾ ಸ್ಟೀಲೇ" ಎಂದಿದ್ದು ನಮ್ಮ ನರ್ಸಿಂಗ್ ಹೋಮಿನಲ್ಲಿ ಬಹಳ ದಿನ ಓಡಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಸಿಸ್ಟರ್ ಬರುವ ಮೊದಲು ರೋಗಿಗಳನ್ನು ನಾವು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಏನಾದ್ರೂ ತಿಂದಿದೀರಾ?" ಎಲ್ಲರೂ "ಇಲ್ಲ" ಅನ್ನುವರು. ಕೊಳವೆ ಇಳಿಸಿದರೆ ಒಳಗೆ ಬೆಳ್ಳಗೆ ಗಂಜಿಯ ಕೆರೆ. ಸಿಸ್ಟರ್ ಒಂದೇ ವಾರದಲ್ಲಿ ಕಾರಣ ಹುಡುಕಿದರು. ನಮ್ಮ ಜನ ಸುಳ್ಳು ಹೇಳುವವರಲ್ಲ. ಅಂಬಲಿ ತಿನ್ನುವುದಲ್ಲ, ಕುಡಿಯುವುದು. ಆಂಧ್ರದ ಗಡಿಯ ಕಡೆಯಿಂದ ಬಂದವರನ್ನು ಅವರು ತೆಲುಗಿನಲ್ಲಿಯೇ ಹಿಡಿಯುತ್ತಿದ್ದರು. "ಏಮನ್ನಾ ತಿನ್ನಾವಾ?" "ಏಮೀ ತಿನಲೇದಮ್ಮಾ." "ತಾಗಿನಾವಾ?" ಕುಡಿದೆಯಾ ಎಂದು ಕೇಳಿದಾಗ ಸತ್ಯ ಹೊರಬರುವುದು: ಒಂದು ಚೊಂಬು ಅಂಬಲಿ ಕುಡಿದದ್ದು. ಒಬ್ಬಾತ ಟೀ ಜೊತೆ ನಾಲ್ಕು ಬಿಸ್ಕತ್ತೂ ಹೊಟ್ಟೆಗಿಳಿಸಿ ಬಂದಿದ್ದ. "ಬಿಸ್ಕತ್ತು ತಿಂದಿದ್ದಲ್ವೇನಪ್ಪ?" ಎಂದರೆ, "ಟೀನಾಗೆ ಅದ್ದಿದ್ನಲ್ಲ ಸಿಸ್ಟ್ರಮ್ಮ, ಅದು ಕುಡಿದಂಗೇ" ಎಂದ. ಅಂದಿನಿಂದ ಅವರ ಪ್ರಶ್ನೆ ಮೂರಾಯಿತು. ತಿಂದ್ರಾ? ಕುಡಿದ್ರಾ? ಎಲೆ ಅಡಿಕೆ ಹಾಕಿದ್ರಾ? ಮೂರಕ್ಕೂ ಇಲ್ಲ ಅಂದವರಿಗೆ ಮಾತ್ರ ಹಾಸಿಗೆ. ಆಮೇಲೆ ನೊರೆ ಒಡೆಯಲೆಂದು, ಕೂಸುಗಳ ಹೊಟ್ಟೆಯುಬ್ಬರಕ್ಕೆ ಹಾಕುವಂಥದ್ದೇ ಹನಿಯ ಔಷಧಿಯನ್ನು ನೀರಿಗೆ ಬೆರೆಸಿ ಕುಡಿಸುವರು. ಅದು ಒಳಗೆ ಇಳಿದು ಕೆಲಸ ಮಾಡುವವರೆಗೆ ನಾನು ಕೈಗವಸು ಹಾಕಿಕೊಂಡು ಮದುವೆಗಂಡಿನಂತೆ ಕಾಯಬೇಕು.

ಅವರಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಮರ್ಯಾದೆ ಏರುತ್ತಿತ್ತು. "ಸಾರ್" ಹೋಗಿ "ಡಾಕ್ಟ್ರವರೇ" ಬಂದರೆ ಎಲ್ಲೋ ಏನೋ ಕೆಟ್ಟಿದೆ ಎಂದು ಕಾಂಪೌಂಡರಿಗೂ ತಿಳಿಯುತ್ತಿತ್ತು. ಮಧ್ಯಾಹ್ನ ಕೊಳವೆಗಳನ್ನು ತೊಳೆದು ತೂಗುಹಾಕಿದ ಮೇಲೆ, ನಿಂತುಕೊಂಡೇ ರೊಟ್ಟಿ ಶೇಂಗಾ ಚಟ್ನಿ ತಿನ್ನುವರು. ಕೂರಿ ಎಂದರೆ, "ಬಸ್ನಾಗೆ ಕೂತು ಕೂತು ಸಾಕಾಗೈತೆ ಸಾರ್" ಎನ್ನುವರು.

ಈಗ ಹೇಳಲೇಬೇಕಾದ್ದಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತುಬಳಸಿದ್ದು ಅದನ್ನು ತಪ್ಪಿಸಿಕೊಳ್ಳಲಿಕ್ಕೇ.

ರಾಂಪುರದಲ್ಲಿ ಮಂಡಕ್ಕಿ ಮೆಣಸಿನಕಾಯಿ ಅಂಗಡಿ ಇಟ್ಟುಕೊಂಡಿದ್ದ ಹೆಂಗಸೊಬ್ಬರು ಮಗಳ ಜೊತೆ ಬಂದರು. ಐವತ್ತೈದು ದಾಟಿರಬೇಕು. ನಾವು ಅವರನ್ನು ಮಂಡಕ್ಕಿಯಮ್ಮ ಎಂದೇ ಕರೆಯುತ್ತಿದ್ದೆವು. ಸಣ್ಣಪುಟ್ಟದಕ್ಕೆಲ್ಲ ಮೊದಲಿನಿಂದಲೂ ನಮ್ಮಲ್ಲಿಗೇ ಬರುವವರು, ಬರುವಾಗಲೆಲ್ಲ ಎಲ್ಲರಿಗೂ ಒಂದೊಂದು ಪೊಟ್ಟಣ ತರುವರು. ಈ ಸಲ ಹೇಳಿದ್ದು: ಎದೆಗುಂಡಿಗೆಯ ಕೆಳಗೆ ಉರಿ, ಎರಡು ತುತ್ತಿಗೆ ಹೊಟ್ಟೆ ತುಂಬುತ್ತದೆ, ಸೀರೆ ಸಡಿಲವಾಗುತ್ತಿದೆ. ಈ ಮೂರು ಮಾತು ಕೇಳಿದರೆ ಓದಿದ ಯಾವ ಡಾಕ್ಟರೂ ನೆಟ್ಟಗೆ ಕೂರಬೇಕು. ನಾನು ಗಡಿಯಾರ ನೋಡಿದೆ. ಎಣ್ಣೆ ಮಿಲ್ಲಿನ ಗೆಳೆಯನೊಬ್ಬ ಕಟ್ಟಿಸಿದ ಹೊಸ ಗೋದಾಮಿನ ಪೂಜೆ ಆವತ್ತು, ಹೋಳಿಗೆ ಊಟ, ಟೇಪು ಕತ್ತರಿಸುವವನು ನಾನು.

ಆ ದಿನ ಸಿಸ್ಟರ್ ಬಂದ ಬಸ್ಸು ದಾರಿಯಲ್ಲಿ ಕೆಟ್ಟು ತಡವಾಗಿತ್ತು. ಅವರ ಮೂರು ಪ್ರಶ್ನೆಗಳನ್ನು ಯಾರೂ ಕೇಳಿರಲಿಲ್ಲ. ಅವರು ಚಪ್ಪಲಿ ಬಿಟ್ಟು ಒಳಗೆ ಬರುವ ಹೊತ್ತಿಗೆ ನಾನು ಕೊಳವೆ ಇಳಿಸಿ ಆಗಿತ್ತು. ಒಳಗೆ ಗಂಜಿ, ನೊರೆ. ಕಂಡಷ್ಟು ಕಂಡಿತು.

"ಸಾರ್, ಕೆಸರು ಕೆಸರಾಗೈತೆ. ನಾಳೆ ಬರೀ ಹೊಟ್ಟೆಗೆ ಕರೆಯೋಣ" ಎಂದರು.

"ಕೆಂಪಾಗಿದೆ, ಸಾಕು."

"ನೆತ್ತಿ ನೋಡಿಲ್ಲ ಸಾರ್."

ಕೊಳವೆಯ ತುದಿಯನ್ನು ಹಿಂದಕ್ಕೆ ಬಗ್ಗಿಸಿ, ಜಠರದ ಮೇಲ್ಭಾಗವನ್ನು ಒಳಗಿನಿಂದಲೇ ತಿರುಗಿ ನೋಡಬೇಕು. ಅದಕ್ಕೆ ಅವರು ನೆತ್ತಿ ಅನ್ನುತ್ತಿದ್ದರು. ಅದಕ್ಕೆ ಒಂದು ನಿಮಿಷ ಬೇಕು. ಗಂಜಿ ಹೀರಿ ತೆಗೆಯಲು ಇನ್ನೂ ಒಂದೆರಡು. ಆ ತಾಯಿಯ ಜಠರದ ತುರ್ತಿಗಿಂತ ನನ್ನ ಜಠರದ ತುರ್ತು ದೊಡ್ಡದಾಗಿತ್ತು. ಕೊಳವೆ ಹೊರಗೆಳೆದೆ.

"ಡಾಕ್ಟ್ರವರೇ" ಎಂದರು ಸಿಸ್ಟರ್.

ನಾನು "ಗ್ಯಾಸ್ಟ್ರೈಟಿಸ್" ಸ್ಟಾಂಪು ಒತ್ತಿ, ಮಾತ್ರೆ ಬರೆದು, ಟೇಪು ಕತ್ತರಿಸಲು ಹೋದೆ. ಹೋಳಿಗೆ ಚೆನ್ನಾಗಿತ್ತು. ಮೂರು ತಿಂದೆ, ಇವತ್ತಿಗೂ ನೆನಪಿದೆ.

ಏಳೆಂಟು ತಿಂಗಳ ನಂತರ ಮಂಡಕ್ಕಿಯಮ್ಮ ಮತ್ತೆ ಬಂದರು. ಗುರುತೇ ಸಿಗಲಿಲ್ಲ. ದಾವಣಗೆರೆಯಲ್ಲಿ ತೋರಿಸಿದ್ದರಂತೆ. ಜಠರದ ನೆತ್ತಿಯಲ್ಲೇ, ಅನ್ನನಾಳ ಬಂದು ಸೇರುವ ಕಡೆ, ಕ್ಯಾನ್ಸರು. ಆಪರೇಷನ್ನಿನ ಹೊತ್ತು ಮೀರಿತ್ತು. ಜಗಳಕ್ಕೆ ಬಂದಿರಬಹುದು ಎಂದು ನಾನು ಮನಸ್ಸಿನಲ್ಲೇ ವಕೀಲನಾದೆ. ಅವರು ಬಂದದ್ದು ಬೇರೆಯದಕ್ಕೆ. ಎಂದಿನಂತೆ ಪೊಟ್ಟಣಗಳ ಚೀಲ ಮೇಜಿನ ಮೇಲಿಟ್ಟು ಹೇಳಿದರು:

"ನೀವು ನೋಡ್ದಾಗ ಏನೂ ಇರ್ಲಿಲ್ಲ ನೋಡ್ರಿ ಡಾಕ್ಟ್ರೇ. ಎಷ್ಟು ಬೇಗ ಬೆಳೆದೈತೆ ಪಾಪಿದು! ನಿಮ್ಮ ಕೈಗುಣ ಒಳ್ಳೇದು, ನನ್ನ ಹಣೆಬರಹ ಸರಿಯಿಲ್ಲ. ಇಷ್ಟು ದಿನ ಮಾತ್ರೆ ಕೊಟ್ಟು ನೋವು ತಡೆದ್ರಲ್ಲ, ಅದಕ್ಕೆ ಹೇಳಿ ಹೋಗಣ ಅಂತ ಬಂದೆ."

ನಾನು ಏನು ಹೇಳಬಹುದಿತ್ತು ಎಂಬುದು ನನಗೆ ಗೊತ್ತಿತ್ತು. ಹೇಳಿದ್ದು ಇದು: "ಹೌದಮ್ಮ. ಕೆಲವು ಬೇಗ ಬೆಳೀತವೆ."

ಸಿಸ್ಟರ್ ಟ್ರೇ ಹಿಡಿದು ಬಾಗಿಲ ಬಳಿ ನಿಂತಿದ್ದರು. ಮಂಡಕ್ಕಿಯಮ್ಮ ಮಗಳ ಭುಜ ಹಿಡಿದು ಮೆಟ್ಟಿಲಿಳಿದು ಹೋದ ಮೇಲೆ ಹೇಳಿದರು: "ಅದು ಬೇಗ ಬೆಳೀಲಿಲ್ಲ ಸಾರ್. ನಾವು ಬೇಗ ನೋಡಿದ್ವಿ."

"ನಾವು" ಎಂದರು. "ಡಾಕ್ಟ್ರವರೇ" ಅನ್ನಲಿಲ್ಲ. ಬಸ್ಸು ತಡವಾದದ್ದನ್ನೂ ತಮ್ಮ ಪಾಲಿಗೆ ಹಾಕಿಕೊಂಡಿದ್ದರು. ಆವತ್ತು ನನಗೆ ನಾಚಿಕೆಯಾಯಿತು. ಆದರೆ ನನ್ನ ನಾಚಿಕೆಯೂ ನನ್ನ ಎಂಡೋಸ್ಕೋಪಿಯ ಹಾಗೇ, ಮೂರು ನಿಮಿಷದಲ್ಲಿ ಮುಗಿಯಿತು. ಎರಡು ತಿಂಗಳಿಗೆ ಮಂಡಕ್ಕಿಯಮ್ಮ ತೀರಿಕೊಂಡರು. ಸಿಸ್ಟರ್ ರಜೆ ಹಾಕಿ ರಾಂಪುರಕ್ಕೆ ಹೋಗಿ ಬಂದರು. ನನಗೆ ಪೇಷೆಂಟುಗಳಿದ್ದರು.

ಅದಾದ ಮೇಲಿನ ವಾರ ನನ್ನ ಮೇಜಿನ ಮೇಲೆ ಮೂರನೆಯ ಸ್ಟಾಂಪೊಂದು ಬಂದು ಕೂತಿತು. ಸಿಸ್ಟರ್ ಚಳ್ಳಕೆರೆಯ ಸರ್ಕಾರಿ ಕಚೇರಿಗಳ ಹತ್ತಿರ ಸ್ಟಾಂಪು ಮಾಡುವವನಲ್ಲಿ ತಾವೇ ಮಾಡಿಸಿದ್ದರು. ಆತ ಮೊದಲು ಮಾಡಿಕೊಟ್ಟದ್ದು "ಪೂರ್ತಿ ನೀಡಿಲ್ಲ" ಎಂದು. ಇವರು ಚೀಟಿ ತೋರಿಸಿ, ತಾವು ಬರೆದುಕೊಟ್ಟದ್ದು "ನೋಡಿಲ್ಲ" ಅಲ್ಲವೇ ಎಂದರೆ, ಆತ ಹೇಳಿದನಂತೆ: "ನೋಡಿಲ್ಲ ಅಂತ ಯಾವ ಆಫೀಸ್ನೋರು ಒಪ್ಕೊಂಡು ಸೀಲು ಹಾಕ್ತಾರಮ್ಮ? ಅದಕ್ಕೇ ನೀಡಿಲ್ಲ ಇರ್ಬೇಕು ಅಂತ ತಿದ್ದಿದೆ." ಮತ್ತೆ ಮಾಡಿಸಿದರು. ಸರಿಯಾಗಿ ಬಂತು: "ಪೂರ್ತಿ ನೋಡಿಲ್ಲ."

"ಏನಿದು?" ಎಂದೆ.

"ಹೊಟ್ಟೆ ಚೊಕ್ಕಟ ಇರಲ್ಲ, ಪೇಷೆಂಟು ಸಹಿಸ್ಕಳಲ್ಲ, ನಿಮಗೆ ಪೂಜೆ ಇರ್ತೈತೆ. ಪೂರ್ತಿ ಕಾಣದೇ ಇರೋದು ತಪ್ಪಲ್ಲ ಸಾರ್. ಕಂಡೈತೆ ಅಂತ ಒತ್ತೋದು ತಪ್ಪು. ಹಂಗಿದ್ದಾಗ ಇದನ್ನ ಒತ್ತಿ ಮತ್ತೆ ಕರೆಯೋಣ."

"ಕನ್ನಡದಲ್ಲಿ ಇದೆಯಲ್ಲ? ಪೇಷೆಂಟು ಓದಿಬಿಡ್ತಾರೆ."

"ಓದ್ಲಿ ಅಂತಾನೇ ಸಾರ್."

ನಾನು ಆ ಸ್ಟಾಂಪನ್ನು ಡ್ರಾಯರಿಗೆ ಹಾಕಿದೆ. ಅವರು ತೆಗೆದು ಮೇಲಿಟ್ಟರು. ಮತ್ತೆ ಹಾಕಿದೆ, ಮತ್ತೆ ಇಟ್ಟರು. ನಾಲ್ಕನೆಯ ದಿನ ಅದನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡರು. ಅಂದಿನಿಂದ ಬೇಕಾದಾಗ ನನ್ನನ್ನು ಕೇಳದೆ ತಾವೇ ಒತ್ತುತ್ತಿದ್ದರು. ಮೊದಮೊದಲು ಬಹಳ ಮುಜುಗರ. "ಇದೇನ್ರೀ, ದುಡ್ಡು ಇಸ್ಕಂಡು ಪೂರ್ತಿ ನೋಡಿಲ್ಲ ಅಂತ ಬರ್ಕೊಟ್ಟೀರಿ?" ಎಂದು ಒಬ್ಬರು ಬೀದಿಯಲ್ಲಿ ನಿಂತು ಕೂಗಿದರು. ಆಮೇಲೆ ಜನ ಹೊಂದಿಕೊಂಡರು. ಮತ್ತೆ ಬರುತ್ತಿದ್ದರು, ಬರೀ ಹೊಟ್ಟೆಗೆ. ನಾನೂ ಮರ್ಯಾದೆಗೆ ಅಂಜಿ ನಿಧಾನವಾದೆ. ಐದು ನಿಮಿಷ, ಆರು, ಕೊನೆಕೊನೆಗೆ ಎಂಟು. "ಡಾಕ್ಟ್ರಿಗೆ ವಯಸ್ಸಾತು, ಮೊದಲಿನ ಚುರುಕಿಲ್ಲ" ಎಂದು ಬಸ್ಸುಗಳಲ್ಲಿ ಹೊಸ ಮಾತು ಹುಟ್ಟಿತು.

ಹಾಗೆ "ಪೂರ್ತಿ ನೋಡಿಲ್ಲ" ಒತ್ತಿಸಿಕೊಂಡು ಮಾರನೆಯ ವಾರ ತಿರುಗಿ ಬಂದವರಲ್ಲಿ ತಳಕಿನ ಕಡೆಯ ಮೇಷ್ಟರೊಬ್ಬರಿದ್ದರು. ಎರಡನೆಯ ಸಲ ಗಾಳಿ ತುಂಬಿ ನೋಡಿದರೆ, ಮಡಿಕೆಯ ಸಂದಿಯಲ್ಲಿ ಬಣ್ಣ ಮಾಸಿದ ಒಂದು ಚೂರು ಜಾಗ. ನಾನು ದಾಟಿಕೊಂಡು ಹೋಗುತ್ತಿದ್ದೆ. "ಎಳೆ ತಪ್ಪೈತೆ ಸಾರ್, ಹಿಂದಕ್ಕೆ ಬರ್ರಿ" ಎಂದರು ಸಿಸ್ಟರ್. ಚೂರು ತೆಗೆದು ಪರೀಕ್ಷೆಗೆ ಕಳಿಸಿದರೆ, ಮೊಳಕೆಯಲ್ಲಿದ್ದ ಕ್ಯಾನ್ಸರು. ಮೇಷ್ಟರು ಆಪರೇಷನ್ ಮಾಡಿಸಿಕೊಂಡು ಇವತ್ತಿಗೂ ಗುಂಡುಕಲ್ಲಿನಂತೆ ಓಡಾಡುತ್ತಿದ್ದಾರೆ. ಊರ ಪತ್ರಿಕೆಯಲ್ಲಿ ನನ್ನ ಫೋಟೋ ಬಂತು, "ಸೂಕ್ಷ್ಮದೃಷ್ಟಿಯ ವೈದ್ಯ" ಎಂದು. ಸಿಸ್ಟರ್ ಆ ಪೇಪರಿನಲ್ಲಿ ರೊಟ್ಟಿ ಕಟ್ಟಿಕೊಂಡು ಬಂದಿದ್ದರು. ಬೇಕೆಂದೇ ಮಾಡಿದ್ದೋ, ಮನೆಯಲ್ಲಿ ಬೇರೆ ಪೇಪರು ಇರಲಿಲ್ಲವೋ, ಕೇಳುವ ಧೈರ್ಯವಾಗಲಿಲ್ಲ.

ಮೊಣಕಾಲು ನೋವು ಬಂದು ಬಸ್ಸು ಹತ್ತಲಾರದೆ ಅವರು ಕೆಲಸ ಬಿಟ್ಟ ದಿನ, ನಾವು ಶಾಲು ಹೊದಿಸಿ ಮೈಸೂರುಪಾಕು ಹಂಚಿದೆವು. ಎಲ್ಲ ಮುಗಿದ ಮೇಲೆ ಸಿಸ್ಟರ್ ನನ್ನ ಕೋಣೆಗೆ ಬಂದು ಜೇಬಿನಿಂದ ಆ ಸ್ಟಾಂಪು ತೆಗೆದು ಮೇಜಿನ ಮೇಲಿಟ್ಟರು.

"ಎಲ್ಲಾ ಒತ್ತೀನಿ ಸಾರ್. ಒಂದು ಉಳ್ಕಂಡೈತೆ."

"ಯಾವುದು?"

"ನಿಮಗೆ ಗೊತ್ತೈತೆ. ಅದನ್ನ ನಾನು ಒತ್ತಂಗಿಲ್ಲ, ನೀವೇ ಒತ್ತಬೇಕು. ಅವರ ಮಗಳಿನ್ನೂ ಅಂಗಡಿ ನಡೆಸ್ತಾಳೆ."

ನಾನು, "ಆಗಲಿ ಸಿಸ್ಟರ್, ನೋಡೋಣ" ಎಂದೆ. ನೋಡೋಣ ಎಂದರೆ ನನ್ನ ಬಾಯಲ್ಲಿ ಏನರ್ಥ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸ್ಟಾಂಪು ಡ್ರಾಯರಿಗೆ ಹೋಯಿತು. ಈ ಸಲ ತೆಗೆದು ಮೇಲಿಡುವವರು ಯಾರೂ ಇರಲಿಲ್ಲ.

ಎರಡು ವರ್ಷ ಕಳೆದು ಸಿಸ್ಟರ್ ತೀರಿಕೊಂಡರು. ಹೃದಯಾಘಾತ, ಹೊಟ್ಟೆಗೆ ಸಂಬಂಧವಿಲ್ಲ. ಬರೆಯುವವರಿಗೆ ಅನುಕೂಲವಾಗುವಂತೆ ಸಾಯುವುದು ಅವರ ಜಾಯಮಾನವಾಗಿರಲಿಲ್ಲ. ಸಭೆಯಲ್ಲಿ ನಾನು ಮಾತಾಡಿದ್ದನ್ನು ಆಗಲೇ ಹೇಳಿದೆ.

ಸಭೆಯಾಗಿ ಮೂರು ವಾರಕ್ಕೆ ಮಂಡಕ್ಕಿಯಮ್ಮನ ಮಗಳು ನನ್ನ ಮುಂದೆ ಬಂದು ಕೂತಳು. ಥೇಟು ತಾಯಿಯದೇ ಮುಖ. ಕೈಯಲ್ಲಿ ಹಳೆಯ ರಿಪೋರ್ಟುಗಳ ಪ್ಲಾಸ್ಟಿಕ್ ಕವರು.

"ಆರು ತಿಂಗಳಾತು ಡಾಕ್ಟ್ರೇ, ಇಲ್ಲಿ ಉರಿ. ಪೈಪು ಬಿಡ್ಸಿ ಏನು ಉಪಯೋಗ ಅಂತ ಸುಮ್ನಿದ್ದೆ. ನಮ್ಮವ್ವಂಗೆ ಬಿಡ್ಸಿದ್ವಲ್ಲ, ಕಾಣ್ಲೇ ಇಲ್ಲ, ಆಮೇಲೆ ಹುಟ್ಟಿ ಬೆಳೀತು. ಸಿಸ್ಟ್ರಮ್ಮ ಮಾತ್ರ ಫೋನ್ ಮಾಡ್ದಾಗೆಲ್ಲ ಬೈಯೋರು, ಮಾತ್ರೆ ನುಂಗ್ಕಂಡು ಕೂರಬ್ಯಾಡ, ಪೂರ್ತಿ ತೋರ್ಸು ಅಂತ. ಅವರು ಹೋದ್ಮೇಲೆ ಆ ಮಾತು ಉಳಿಸ್ಬೇಕು ಅನ್ನಿಸ್ತು."

ನನ್ನ ಸುಳ್ಳು ಏನು ಮಾಡಿತ್ತು ಎಂಬುದು ಆಗ ನನಗೆ ಹೊಳೆಯಿತು. ನೋಡಿದರೂ ಕಾಣದ ರೋಗವಿದು ಎಂದು ಈಕೆ ನಂಬಿದ್ದಳು. ನಂಬಿ, ಆರು ತಿಂಗಳು ಮನೆಯಲ್ಲೇ ಕೂತಿದ್ದಳು. ಒಳಗೆ ಏನಾದರೂ ಇದ್ದರೆ ಆ ಆರು ತಿಂಗಳೂ ನನ್ನವೇ.

ಹೊಸ ನರ್ಸು ಬಾಯಿ ತೆರೆಯುವ ಮೊದಲೇ ಆಕೆ ಒಪ್ಪಿಸಿದಳು: "ತಿಂದಿಲ್ಲ, ಕುಡಿದಿಲ್ಲ, ಎಲೆ ಅಡಿಕೆ ಹಾಕಿಲ್ಲ." ಹ‌ನಿಯ ಔಷಧಿ ಕುಡಿಸಿ ಕಾದೆವು. ಕೊಳವೆ ಇಳಿಸಿದೆ. ತೊಳೆದೆ. ಗಾಳಿ ತುಂಬಿ ಮಡಿಕೆ ಮಡಿಕೆ ಬಿಚ್ಚಿದೆ. ನೆತ್ತಿಗೆ ತಿರುಗಿದಾಗ, ಪ್ರಾರ್ಥನೆ ಮಾಡುವ ಅಭ್ಯಾಸವಿಲ್ಲದ ನಾನು ಏನೋ ಗೊಣಗಿಕೊಂಡೆ. ಹೊಸ ನರ್ಸು ಗಡಿಯಾರ ನೋಡಿ, "ಸಾರ್, ಊಟದ ಟೈಮು" ಎಂದಳು. "ಮಡಿಕೆ ಬಿಚ್ಚಿಲ್ಲ ಇನ್ನೂ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಇಡೀ ಜಠರವನ್ನು ಎರಡು ಸಲ ನೋಡಿದೆ. ಏನೂ ಇರಲಿಲ್ಲ. ಸಣ್ಣ ಕೆಂಪು, ಅಷ್ಟೆ. ಆದರೂ ಎರಡು ಕಡೆ ಚೂರು ತೆಗೆದು ಪರೀಕ್ಷೆಗಿಟ್ಟೆ.

ಆಕೆ ಎದ್ದು ಕೂತು, ಔಷಧಿ ಸಿಂಪಡಿಸಿ ಮರಗಟ್ಟಿಸಿದ್ದ ಗಂಟಲಿನಿಂದ ಕಷ್ಟಪಟ್ಟು ಕೇಳಿದಳು: "ಯಾಕ್ರೀ ಡಾಕ್ಟ್ರೇ ಇಷ್ಟೊತ್ತು? ಅವ್ವಂಗೆ ಬಿಡ್ಸಿದಾಗ ನಾನು ಹೊರಗೆ ಒಂದು ಪೊಟ್ಟಣ ಮಂಡಕ್ಕಿ ತಿನ್ನೋದ್ರಾಗೆ ಎದ್ದು ಬಂದಿದ್ಲು. ನಂಗೇನಾದ್ರೂ ಐತಾ?"

"ನಿನಗೇನೂ ಇಲ್ಲಮ್ಮ."

"ಮತ್ತೆ?"

ಆಗಿನ ಮಿಷನ್ನು ಹಳೆಯದು, ಈಗಿನದು ಹೊಸದು ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆಕೆ ನಂಬುತ್ತಿದ್ದಳು. ನಾನು ಆ ಕವರಿನಿಂದ ಅವಳ ತಾಯಿಯ ಹಳೆಯ ರಿಪೋರ್ಟು ತೆಗೆದು ಮೇಜಿನ ಮೇಲೆ ಹರವಿದೆ. ಮಡಚಿ ಮಡಚಿ ಗೆರೆಬಿದ್ದ ಕಾಗದ. ಡ್ರಾಯರಿನ ತಳದಿಂದ ಸ್ಟಾಂಪು ಹುಡುಕಿದೆ. ಪ್ಯಾಡು ಒಣಗಿತ್ತು. ಗುಮಾಸ್ತರು ಮಾಡುವ ಹಾಗೆ ರಬ್ಬರಿನ ಮೇಲೆ ಎರಡು ಸಲ ಹಾ ಎಂದು ಉಸಿರು ಬಿಟ್ಟು, "ಗ್ಯಾಸ್ಟ್ರೈಟಿಸ್" ಎಂಬುದರ ಪಕ್ಕದಲ್ಲಿ ಒತ್ತಿದೆ. ಮಸುಕಾಗಿ ಬಂತು. ಆದರೆ ಓದಬಹುದಿತ್ತು.

ಆಕೆ ಅಕ್ಷರ ಅಕ್ಷರ ಕೂಡಿಸಿ ಓದಿದಳು. "ಪೂರ್ತಿ, ನೋಡಿಲ್ಲ."

"ಇದು ಆವತ್ತೇ ಒತ್ತಬೇಕಿತ್ತಲ್ರೀ."

"ಹೌದಮ್ಮ."

"ಸಿಸ್ಟ್ರಮ್ಮಂಗೆ ಗೊತ್ತಿತ್ತಾ?"

"ಅವರು ಆವತ್ತೇ ಹೇಳಿದ್ರು. ನಾನು ಕೇಳ್ಲಿಲ್ಲ. ನನಗೆ ಊಟಕ್ಕೆ ಹೊತ್ತಾಗಿತ್ತು."

ಬೈದಿದ್ದರೆ ಚೆನ್ನಾಗಿತ್ತು. ಆಕೆ ರಿಪೋರ್ಟನ್ನು ಹಳೆಯ ಗೆರೆಗಳ ಮೇಲೇ ಮಡಚಿ ಕವರಿಗೆ ಹಾಕಿಕೊಂಡು ಎದ್ದಳು. ಬಾಗಿಲವರೆಗೆ ಹೋಗಿ ನಿಂತಳು.

"ಅವ್ವಂಗೆ ಅದು ಬೇಗ ಬೆಳೀತು ಅಂತ ಇಷ್ಟು ವರ್ಷ ಎಲ್ರಿಗೂ ಹೇಳ್ಕಂಡು ಬಂದೀನಿ. ಅಂಗಡಿಗೆ ಬಂದೋರು ಈಗ್ಲೂ ಕೇಳ್ತಾರೆ. ಇನ್ಮೇಲೆ ಏನಂತ ಹೇಳ್ಲಿ?"

ಆ ಉತ್ತರವನ್ನು ಸಿಸ್ಟರ್ ಎಂದೋ ಸಿದ್ಧಮಾಡಿ ನನ್ನ ಕೈಗಿಟ್ಟಿದ್ದರು. ಅದರಲ್ಲಿ ಒಂದು ಪದ ಮಾತ್ರ ತಪ್ಪಿತ್ತು. "ನಾವು" ಎಂದಿದ್ದರು. ಅದೊಂದನ್ನು ತಿದ್ದಿ ಹೇಳಿದೆ:

"ಅದು ಬೇಗ ಬೆಳೀಲಿಲ್ಲ, ಡಾಕ್ಟ್ರು ಬೇಗ ನೋಡಿದ್ರು ಅಂತ ಹೇಳಮ್ಮ."